ಅಪ್ಪನ ಬದುಕನ್ನು ಅವರ ಡ್ರಾಯಿಂಗ್‌ಗಳಿಂದ ಬರೆದೆ

ನಮ್ಮಪ್ಪ ಸೇತುವೆ ಕಟ್ಟುವ ಸಿವಿಲ್ ಎಂಜಿನಿಯರ್. ನಿವೃತ್ತರಾದ ಮೇಲೆ ಬಹಳ ವರ್ಷ ಮನೆಯಲ್ಲೇ ನಮ್ಮ ಜೊತೆ ಇದ್ದರು. ಅವರು ತೀರಿಕೊಂಡ ಮೇಲೆ ಅವರ ಬದುಕನ್ನು ಒಂದು ಚಿಕ್ಕ ಪುಸ್ತಕವಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊಮ್ಮಕ್ಕಳಲ್ಲಿ ಚಿಕ್ಕವರು ಅಜ್ಜನನ್ನು ಸರಿಯಾಗಿ ನೋಡಿಯೇ ಇಲ್ಲ. ಅವರು ದೊಡ್ಡವರಾದಾಗ ಓದಬೇಕು ಅನ್ನೋದು ನಮ್ಮೆಲ್ಲರ ಆಸೆ.

ಶುರು ಮಾಡುವ ಮೊದಲೇ ಒಂದು ತೀರ್ಮಾನ ಮಾಡಿದೆ. ‘ಕೆಲಸದಲ್ಲಿ ಅಪ್ಪ’, ‘ಮನೆಯಲ್ಲಿ ಅಪ್ಪ’ ಎಂದು ಎರಡು ಭಾಗ ಮಾಡಬಾರದು. ಅವರು ನಮ್ಮನ್ನು ನೋಡಿಕೊಂಡ ರೀತಿಯೂ ಎಂಜಿನಿಯರ್ ರೀತಿಯೇ ಆಗಿತ್ತು. ‘ಸರಳ ಜೀವಿ, ಪ್ರೀತಿಯ ತಂದೆ’ ಎಂದು ಬರೆದರೆ ಅದು ಯಾರ ಅಪ್ಪನಿಗಾದರೂ ಸರಿಹೋಗುತ್ತದೆ, ಅಲ್ವಾ? ನನಗೆ ನಮ್ಮಪ್ಪನೇ ಬೇಕಿತ್ತು.

ಅವರ ಟ್ರಂಕಿನಲ್ಲಿ ಹಳೆಯ ಡ್ರಾಯಿಂಗ್‌ಗಳ ಸುರುಳಿಗಳಿದ್ದವು. ಜಾಸ್ತಿ ಅಮೋನಿಯಾ ಪ್ರಿಂಟ್‌ಗಳು, ಅಂದರೆ ಅಮೋನಿಯಾ ಆವಿಯಿಂದ ಗೆರೆ ಮೂಡಿಸಿದ ನಕಲುಗಳು. ಅವು ಬೆಳಕಿಗೆ ಬೇಗ ಮಾಸುತ್ತವೆ. ಹಾಗಾಗಿ ಗೋಡೆಗೆ ಹಾಕುವ ಯೋಚನೆ ಬಿಟ್ಟು, ಮೊದಲು ಫೋಟೋ ತೆಗೆದೆ. ಎ1 ಹಾಳೆ ಎಂದರೆ 594 ಮಿಲಿಮೀಟರ್ ಅಗಲ, 841 ಮಿಲಿಮೀಟರ್ ಉದ್ದ. ಮನೆಯ ಸ್ಕ್ಯಾನರ್‌ನಲ್ಲಿ ಹಿಡಿಯುವುದಿಲ್ಲ. ನೆಲದ ಮೇಲೆ ಹರಡಿ, ಮೂಲೆಗಳಿಗೆ ಭಾರ ಇಟ್ಟು, ನೆರಳು ಬೀಳದ ಹಗಲು ಬೆಳಕಿನಲ್ಲಿ ನೇರ ಮೇಲಿನಿಂದ ತೆಗೆದೆ.

ಆ ಹಾಳೆಗಳ ಬಲಗಡೆ ಕೆಳಮೂಲೆಯಲ್ಲಿ ಟೈಟಲ್ ಬ್ಲಾಕ್ ಇರುತ್ತದೆ. ಡ್ರಾಯಿಂಗ್ ನಂಬರು, ಸ್ಕೇಲು, ತಾರೀಖು. ಜೊತೆಗೆ ಬರೆದವರು, ಪರಿಶೀಲಿಸಿದವರು, ಒಪ್ಪಿಗೆ ಕೊಟ್ಟವರು ಎಂದು ಮೂರು ಸಹಿಯ ಜಾಗ. ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲಿನವುಗಳಲ್ಲಿ ಅಪ್ಪನ ಸಹಿ ಬರೆದವರ ಜಾಗದಲ್ಲಿದೆ. ಆಮೇಲೆ ಪರಿಶೀಲಿಸಿದವರ ಜಾಗಕ್ಕೆ ಬಂತು. ಕೊನೆಯ ಹಾಳೆಗಳಲ್ಲಿ ಒಪ್ಪಿಗೆಯ ಜಾಗದಲ್ಲಿದೆ. ಅವರ ನೌಕರಿಯ ಕಥೆಯೆಲ್ಲ ಆ ಮೂರು ಜಾಗಗಳಲ್ಲೇ ಸಿಕ್ಕಿತು. ಪುಸ್ತಕದ ಅಧ್ಯಾಯಗಳನ್ನೂ ಹಾಗೇ ಮಾಡಿದೆ.

ಇನ್ನೊಂದು ನಿಧಿ ಎಂದರೆ ಸೈಟ್ ಡೈರಿಗಳು. ಮಳೆ ಬಂತಾ, ಎಷ್ಟು ಆಳು ಬಂದರು, ಎಷ್ಟು ಮೂಟೆ ಸಿಮೆಂಟ್ ಹೋಯಿತು, ಎಲ್ಲ ಅದರಲ್ಲಿದೆ. ಫೋಟೋಗಳಿಗೆ ತಾರೀಖು ಹುಡುಕಲು ಅವು ತುಂಬಾ ನೆರವಾದವು. ಕಾಂಕ್ರೀಟ್ ಹಾಕಿದ ದಿನ ಅದರಿಂದಲೇ ಸ್ವಲ್ಪ ತೆಗೆದು ಚೌಕದ ಅಚ್ಚಿನಲ್ಲಿ ತುಂಬಿ ಇಡುತ್ತಾರೆ. 28 ದಿನ ಆದ ಮೇಲೆ ಆ ಕ್ಯೂಬ್ ಎಷ್ಟು ಒತ್ತಡ ತಡೆಯುತ್ತದೆ ಎಂದು ಪರೀಕ್ಷೆ ಮಾಡುತ್ತಾರೆ. ಅಪ್ಪ ಸ್ಲ್ಯಾಬ್ ಮೇಲೆ ನಿಂತ ಒಂದು ಫೋಟೋಗೆ ತಾರೀಖೇ ಇರಲಿಲ್ಲ. ಡೈರಿಯಲ್ಲಿ ಆ ಸ್ಲ್ಯಾಬಿನ ಕ್ಯೂಬ್ ಟೆಸ್ಟ್ ಫಲಿತಾಂಶ ಸಿಕ್ಕಿತು. ಅಲ್ಲಿಂದ 28 ದಿನ ಹಿಂದೆ ಎಣಿಸಿದೆ. ಅದು ತಂಗಿ ಹುಟ್ಟಿದ ದಿನ!

ಆ ದಿನ ಅಪ್ಪ ಯಾಕೆ ಬರಲಿಲ್ಲ ಅನ್ನೋದು ನಮ್ಮ ಮನೆಯ ಹಳೆಯ ಮಾತು. “ಅವರು ಕಾಂಕ್ರೀಟ್ ಹಾಕಿಸ್ತಾ ಇದ್ರು” ಎಂದಷ್ಟೇ ಅಮ್ಮ ಹೇಳುತ್ತಿದ್ದರು. ಕಾರಣ ಈಗ ನನಗೆ ಗೊತ್ತು. ಸ್ಲ್ಯಾಬ್ ಹಾಕಲು ಶುರು ಮಾಡಿದರೆ ಬೇಕಾದಲ್ಲಿ ನಿಲ್ಲಿಸುವ ಹಾಗಿಲ್ಲ. ಮೊದಲು ಹಾಕಿದ್ದು ಗಟ್ಟಿಯಾದ ಮೇಲೆ ಅದರ ಪಕ್ಕ ಹೊಸದನ್ನು ಹಾಕಿದರೆ ಎರಡೂ ಚೆನ್ನಾಗಿ ಬೆಸೆಯುವುದಿಲ್ಲ. ಆ ಸಂದಿನಲ್ಲಿ ನೀರು ಇಳಿಯುತ್ತದೆ, ಬಲ ಕಡಿಮೆಯಾಗುತ್ತದೆ. ಡೈರಿಯ ಆ ಪುಟದಲ್ಲಿ ಮೂಟೆಗಳ ಲೆಕ್ಕದ ಕೆಳಗೆ, ಅದೇ ಪೆನ್ಸಿಲ್‌ನಲ್ಲಿ, ‘ಹೆಣ್ಣು ಮಗು. ಇಬ್ಬರೂ ಕ್ಷೇಮ’ ಎಂದಿದೆ. ಆ ಪುಟವನ್ನು ಪುಸ್ತಕದಲ್ಲಿ ಇಡಿಯಾಗಿ ಹಾಕಿದೆ. ತಂಗಿ ಅದನ್ನು ನೋಡಿ ತುಂಬಾ ಹೊತ್ತು ಅತ್ತಳು.

ಅಪ್ಪನ ಜೊತೆ ಕೆಲಸ ಮಾಡಿದವರನ್ನೂ ಮಾತಾಡಿಸಿದೆ. “ಅಪ್ಪ ಹೇಗಿದ್ದರು?” ಎಂದು ಕೇಳಿದರೆ “ಬಹಳ ಒಳ್ಳೆಯವರಮ್ಮ” ಎಂದು ಸುಮ್ಮನಾಗುತ್ತಾರೆ. ಅದೇ ಒಂದು ಡ್ರಾಯಿಂಗನ್ನೋ ಫೋಟೋವನ್ನೋ ಮುಂದಿಟ್ಟು “ಸರ್, ಇಲ್ಲಿ ಏನು ನಡೀತಿದೆ?” ಎಂದು ಕೇಳಿ ನೋಡಿ. ಮಾತು ನಿಲ್ಲುವುದೇ ಇಲ್ಲ. ಹಿರಿಯರು ಒಬ್ಬರು ಫೋಟೋದಲ್ಲಿ ಕಂಬಿ ಕಟ್ಟಿದ್ದನ್ನು ಬೆರಳಿನಿಂದ ತೋರಿಸಿ, “ನೋಡಮ್ಮ, ಇದನ್ನ ನಿಮ್ಮಪ್ಪ ಪೂರ್ತಿ ಬಿಚ್ಚಿಸಿದ್ರು. ಬೈದ್ರು ಕೂಡ. ಆಮೇಲೆ ತಾವೇ ಕೂತು ಕಟ್ಟೋದು ಹೇಗೆ ಅಂತ ತೋರಿಸಿದ್ರು” ಎಂದರು. ಅಪ್ಪನ ಕೋಪವನ್ನೂ ಬರೆದೆ. ಅದನ್ನು ಬಿಟ್ಟರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ಗೆರೆ ಹಾಕಿದ ಪಟ್ಟಿಗಳನ್ನು ಸರಿಸಿ ಗುಣಾಕಾರ, ಭಾಗಾಕಾರ ಮಾಡುವ ಸ್ಲೈಡ್ ರೂಲ್ ಬಗ್ಗೆ ಒಂದು ಇಡೀ ಅಧ್ಯಾಯ ಇದೆ. ಜಾಸ್ತಿ ಆಯಿತು ಎಂದು ತಮ್ಮ ಹೇಳಿದ, ನಾನು ತೆಗೆಯಲಿಲ್ಲ. 1972ರಲ್ಲಿ ಎಚ್‌ಪಿ-35 ಕ್ಯಾಲ್ಕುಲೇಟರ್ ಬಂದ ಮೇಲೆ ಸ್ಲೈಡ್ ರೂಲ್ ಮೆಲ್ಲಗೆ ಮರೆಯಾಯಿತು. ಆದರೆ ಅಪ್ಪ ಕಲಿತದ್ದು ಅದರಲ್ಲೇ. ಅದು ಅಂಕಿಗಳನ್ನು ಕೊಡುತ್ತದೆ, ದಶಮಾಂಶ ಬಿಂದು ಎಲ್ಲಿ ಎಂದು ಹೇಳುವುದಿಲ್ಲ. 2.4, 24, 240 ಎಲ್ಲಕ್ಕೂ ಅದೇ ಗೆರೆ. ಉತ್ತರ ಸುಮಾರು ಎಷ್ಟು ಬರಬೇಕು ಎಂದು ಮೊದಲೇ ಮನಸ್ಸಿನಲ್ಲಿ ಅಂದಾಜು ಮಾಡಿಕೊಂಡಿರಬೇಕು. ನಮ್ಮ ಹೋಂವರ್ಕ್‌ಗೂ ಅದೇ ನಿಯಮ. “ಲೆಕ್ಕ ಆಮೇಲೆ ಮಾಡು. ಸುಮಾರು ಎಷ್ಟು ಬರುತ್ತೆ, ಅದನ್ನ ಮೊದಲು ಹೇಳು” ಎನ್ನುತ್ತಿದ್ದರು. ಮೂವರೂ ಇವತ್ತಿಗೂ ಹಾಗೇ ಲೆಕ್ಕ ಮಾಡುತ್ತೇವೆ.

ನಿವೃತ್ತಿಯ ವರ್ಷಗಳನ್ನು ಬರೆಯಲು ಅವರು ಬರೆದ ನಮ್ಮ ಮನೆಯ ನಕ್ಷೆಯೇ ಸಾಕಾಯಿತು. ಕಟ್ಟುವ ಮೊದಲಿನ ಪ್ಲಾನ್ ಅಲ್ಲ ಅದು. ಕಟ್ಟಿದ ಮೇಲೆ ಯಾವ ಗೋಡೆಯೊಳಗೆ ಯಾವ ಪೈಪ್ ಇದೆ, ವೈರ್ ಎಲ್ಲಿ ತಿರುಗುತ್ತದೆ, ಯಾವ ವಾಲ್ವ್ ಮುಚ್ಚಿದರೆ ಯಾವ ನಲ್ಲಿ ನಿಲ್ಲುತ್ತದೆ ಎಂದು ಅಳತೆ ಸಮೇತ ಬರೆದದ್ದು. ತಾವು ಇಲ್ಲದಾಗ ಅಮ್ಮನಿಗೆ ಕಷ್ಟ ಆಗಬಾರದು ಅನ್ನೋದು ಅವರ ಯೋಚನೆ. ಗೋಡೆಗೆ ಮೊಳೆ ಹೊಡೆಯುವ ಮೊದಲು ಅಮ್ಮ ಈಗಲೂ ಅದನ್ನು ತೆಗೆದು ನೋಡುತ್ತಾರೆ.

ಪುಸ್ತಕದ ಕೊನೆಗೆ ಕೆಲವು ಖಾಲಿ ಪುಟ ಬಿಟ್ಟು, ಡ್ರಾಯಿಂಗ್‌ಗಳಲ್ಲಿ ಇರುವಂಥ ತಿದ್ದುಪಡಿ ಪಟ್ಟಿ ಹಾಕಿದೆ. ತಾರೀಖು, ಏನು ಸೇರಿಸಿದ್ದು, ಯಾರು, ಸಹಿ. ಮನೆಯವರು ಯಾರು ಬೇಕಾದರೂ ತುಂಬಬಹುದು. ಮೊದಲು ತುಂಬಿದವರು ಅಮ್ಮ. ‘ಸಂಜೆ ಮನೆಗೆ ಬರುವಾಗ ಹಾಡಿಕೊಂಡು ಬರುತ್ತಿದ್ದರು. ಇದನ್ನು ಯಾರೂ ಬರೆದಿಲ್ಲ’ ಎಂದು ಬರೆದು ಸಹಿ ಹಾಕಿದರು. ಯಾವ ಹಾಡು ಎಂದು ತಮ್ಮ ಈಗ ಅವರನ್ನು ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾನೆ.