ಕಳ್ಳ ಪ್ರಿಂಟಿಗಿಂತ ಮೊದಲು ನಮ್ಮ ಲಿಂಕ್ ಸಿಗುವಂತೆ ಮಾಡಿದ್ದು

ಸ್ಟಾರ್ ಇಲ್ಲದ ನಮ್ಮ ಲವ್ ಸ್ಟೋರಿ ಸಿನಿಮಾವನ್ನು ಮೊಬೈಲಲ್ಲಿ ದುಡ್ಡು ಕೊಟ್ಟು ಯಾರೂ ನೋಡಲ್ಲ ಅಂತ ವಿತರಕರು, ಜೊತೆ ನಿರ್ಮಾಪಕರು, ಕೊನೆಗೆ ನಮ್ಮ ಎಡಿಟರ್ ಕೂಡ ಹೇಳಿದ್ದರು. ನೋಡಿದರು. ಆನ್‌ಲೈನ್ ಬಾಡಿಗೆಯಿಂದಲೇ ಹೆಚ್ಚುಕಮ್ಮಿ ಹನ್ನೊಂದು ಲಕ್ಷ ಕೈಗೆ ಬಂದಿದೆ, ಇನ್ನೂ ಬರುತ್ತಿದೆ. ಓಟಿಟಿಯವರು ಮುಂಗಡದ ಮಾತೇ ಎತ್ತದೆ, ಜನ ನೋಡಿದ ನಿಮಿಷಕ್ಕಿಷ್ಟು ಅನ್ನುವ ಈ ಕಾಲದಲ್ಲಿ ಸಣ್ಣ ಬಜೆಟ್ಟಿನವರಿಗೆ ಇದು ಕಡಿಮೆಯಲ್ಲ.

ಮೊದಲು ದುಡ್ಡು ಹೋದ ಕಥೆ. ಬಿಡುಗಡೆಯಾಗಿ ಎರಡು ಮೂರು ದಿನಕ್ಕೇ ಕ್ಯಾಮ್ ಪ್ರಿಂಟ್, ಅಂದರೆ ಥಿಯೇಟರಿನಲ್ಲಿ ಕದ್ದು ಚಿತ್ರಿಸಿದ ಕಾಪಿ, ಟೆಲಿಗ್ರಾಮಿಗೆ ಬಂತು. ಲಿಂಕ್ ತೆಗೆಸುವ ಕಂಪನಿಯೊಂದಕ್ಕೆ ಒಂದೂಕಾಲು ಲಕ್ಷದಷ್ಟು ಕೊಟ್ಟೆವು. ವಾರಕ್ಕೊಂದು ಎಕ್ಸೆಲ್ ಶೀಟ್ ಬರುತ್ತಿತ್ತು, ಸಾವಿರಾರು ಲಿಂಕ್ ತೆಗೆಸಿದ್ದೇವೆ ಅಂತ. ಕೂತು ಒಂದೊಂದೇ ತೆರೆದರೆ ಮುಕ್ಕಾಲು ಪಾಲು ಬರೀ ಹುಡುಕಾಟದ ಪುಟಗಳು, ಫೈಲು ಇದ್ದಲ್ಲೇ ಇತ್ತು. ಆಮೇಲೆ ಸೆನ್ಸಾರ್ ಸರ್ಟಿಫಿಕೇಟ್ ಜೋಡಿಸಿ ನಾವೇ ಪೈರಸಿ ದೂರು ನೋಡಿಕೊಳ್ಳುವ ಸರ್ಕಾರದ ನೋಡಲ್ ಅಧಿಕಾರಿಗೆ ದೂರು ಕೊಟ್ಟೆವು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಗಟ್ಟಿಯಾಗಿಯೇ ಇದೆ: 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ದಂಡ. ಕಳ್ಳ ಸೈಟು ಬ್ಲಾಕ್ ಆಯಿತು, ಹೆಸರಿಗೆ ಬೇರೆ ಬಾಲ ಅಂಟಿಸಿಕೊಂಡು ಮತ್ತೆ ಎದ್ದಿತು. ಕಾಪಿರೈಟ್ ನೋಟಿಸು ಕೊಟ್ಟರೆ 36 ಗಂಟೆಯಲ್ಲಿ ಸೈಟಿನವರು ಅದನ್ನು ತೆಗೆಯಬೇಕು ನಿಜ, ಆದರೆ 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಮತ್ತೆ ಏರಿಸಬಹುದು. ಜಾನ್ ಡೋ ಆದೇಶಕ್ಕೆ, ಅಂದರೆ ಹೆಸರು ಗೊತ್ತಿಲ್ಲದ ಕಳ್ಳರ ಮೇಲೆ ಕೋರ್ಟ್ ಕೊಡುವ ತಡೆಗೆ, ವಕೀಲರು ಹೇಳಿದ ಫೀಸಿನಲ್ಲಿ ಒಂದು ಹಾಡಿನ ಶೂಟಿಂಗ್ ಮುಗಿಯುತ್ತಿತ್ತು.

ದಾರಿ ಸಿಕ್ಕಿದ್ದು ಯೂಟ್ಯೂಬ್‌ನಲ್ಲಿದ್ದ ಒಂದು ಕಳ್ಳ ಅಪ್‌ಲೋಡಿನಲ್ಲಿ. ಕದ್ದ ವಿಡಿಯೋವನ್ನು ತಾನೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿಗೆ ಸಿಗಬಾರದೆಂದು ಚಿತ್ರವನ್ನು ಎಡಬಲ ತಿರುಗಿಸಿ, ಶ್ರುತಿ ಏರಿಸಿದ್ದರು. ಬಸ್ ಸ್ಟ್ಯಾಂಡ್ ದೃಶ್ಯದಲ್ಲಿ ಬೋರ್ಡಿನ ಅಕ್ಷರವೆಲ್ಲ ಉಲ್ಟಾ, ನಾಯಕಿಯ ದನಿ ಆರು ವರ್ಷದ ಮಗುವಿನಂತೆ. ಅದನ್ನೂ ಜನ ನೋಡುತ್ತಿದ್ದರು! ಕೆಳಗೆ ಕಾಮೆಂಟುಗಳು: “ಒಳ್ಳೆ ಪ್ರಿಂಟ್ ಎಲ್ಲಿದೆ ಅಣ್ಣಾ?”, “ನಮ್ಮ ತಾಲ್ಲೂಕಿಗೆ ಬರಲೇ ಇಲ್ಲ, ದುಡ್ಡು ಕೊಡ್ತೀನಿ ಲಿಂಕ್ ಹಾಕಿ”. ಇವರನ್ನು ಕಳ್ಳರು ಅನ್ನಲು ನನಗೆ ಬಾಯಿ ಬರಲಿಲ್ಲ. ದುಡ್ಡು ಹಿಡಿದು ನಿಂತವರಿಗೆ ಕೊಡಲು ನಮ್ಮಲ್ಲಿ ಲಿಂಕೇ ಇರಲಿಲ್ಲ.

ನಾಲ್ಕನೇ ವಾರ ಥಿಯೇಟರಿನಿಂದ ಇಳಿದ ಕೂಡಲೇ ನಮ್ಮದೇ ಪುಟದಲ್ಲಿ ಬಾಡಿಗೆಗೆ ಬಿಟ್ಟೆವು. ಡಿಆರ್‌ಎಂ (ನಕಲು ಮಾಡದಂತೆ ಹಾಕುವ ಬೀಗ) ಇರುವ ಪ್ಲೇಯರ್, ಯುಪಿಐ, ಮೊಬೈಲ್ ನಂಬರಿಗೊಂದು ಓಟಿಪಿ, ಅಷ್ಟೇ. 149 ರೂಪಾಯಿಗೆ ಕಾಗೆಯೂ ಹಾರಲಿಲ್ಲ. 99ಕ್ಕೆ ಅಲ್ಲೊಂದು ಇಲ್ಲೊಂದು. 59ಕ್ಕೆ ಇಳಿಸಿದ ವಾರಾಂತ್ಯ ಮೂರು ಪಟ್ಟಿಗೂ ಮೀರಿ ಏರಿತು. ಹೊರದೇಶದವರಿಗೆ 5 ಡಾಲರ್ ಇಟ್ಟಿದ್ದೆವು, ಅವರು ಚೌಕಾಸಿ ಮಾಡಲೇ ಇಲ್ಲ. ಜನ ಟೈಪ್ ಮಾಡುವಂತೆಯೇ ಸಿನಿಮಾ ಹೆಸರಿನ ಮುಂದೆ ‘ಫುಲ್ ಮೂವಿ’ ಅಂತ ಪುಟಕ್ಕೆ ತಲೆಬರಹ ಕೊಟ್ಟೆ, ಅವರು ಮಾಡುವ ಕಾಗುಣಿತದ ತಪ್ಪುಗಳನ್ನೂ ಒಳಗೆ ಸೇರಿಸಿದೆ.

ದೊಡ್ಡ ಫಲ ಕೊಟ್ಟದ್ದು ಟೆಲಿಗ್ರಾಮ್. ಮೊದಲ ಹತ್ತು ಹನ್ನೆರಡು ನಿಮಿಷವನ್ನು ಎಚ್‌ಡಿಯಲ್ಲಿ ನಾವೇ ಬಿಟ್ಟೆವು, ಕೊನೆಯಲ್ಲಿ ಬಾಡಿಗೆ ಲಿಂಕ್. ಕಳ್ಳ ಗ್ರೂಪಿನವರೇ ಅದನ್ನು ಫಾರ್ವರ್ಡ್ ಮಾಡಿದರು. ಬಾಡಿಗೆಗೆ ಬಂದವರಲ್ಲಿ ಅರ್ಧದಷ್ಟು ಮಂದಿ ಆ ದಾರಿಯಲ್ಲೇ ಬಂದವರು. ಎಲ್ಲಿ ಕತ್ತರಿಸಿದೆ, ಯಾವ ಹೊತ್ತಿಗೆ ಹಾಕಿದೆ ಅನ್ನುವುದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪೆಟ್ಟು. ನಮ್ಮದೇ ಚಾನೆಲ್ಲಿನ ತುಣುಕುಗಳ ಮೇಲೆ ಆಡಿಯೋ ಕಂಪನಿಯ ಕ್ಲೈಮ್ ಬಿತ್ತು, ಎರಡು ವಾರದ ಜಾಹೀರಾತಿನ ದುಡ್ಡು ಅತ್ತ ಹೋಯಿತು. ಹಾಡಿನ ಹಕ್ಕು ಮಾರುವಾಗಲೇ ನಿಮ್ಮ ಚಾನೆಲ್ಲನ್ನು ವೈಟ್‌ಲಿಸ್ಟ್ ಮಾಡಬೇಕು, ಅಂದರೆ ಅದರ ಮೇಲೆ ಕ್ಲೈಮ್ ಹಾಕಬಾರದೆಂದು ಕರಾರಿನಲ್ಲಿ ಬರೆಸಿಕೊಳ್ಳಿ.

ಪಕ್ಕದಲ್ಲೊಂದು ಪ್ರಯೋಗವೂ ನಡೆದಿತ್ತು. ಪ್ರಿವ್ಯೂಗೆ ಕಳಿಸಿದ ಒಂದೊಂದು ಕಾಪಿಯಲ್ಲೂ ಕಣ್ಣಿಗೆ ಬೀಳದ ಒಂದೊಂದು ಬೇರೆ ಗುರುತು ಇಟ್ಟಿದ್ದೆ. ಒಂದು ಹೊರಗೆ ಹೋಯಿತು, ಯಾರ ಕೈಯಿಂದ ಹೋಯಿತೆಂದು ಅದೇ ಸಂಜೆ ಗೊತ್ತಾಯಿತು. ಗುರುತು ಏನೆಂದು ಕೇಳಬೇಡಿ, ಮುಂದಿನ ಸಿನಿಮಾಕ್ಕೂ ಅದೇ ಬೇಕು.

ಎಚ್‌ಡಿ ಕಳ್ಳ ಪ್ರಿಂಟ್ ಕೊನೆಗೂ ಬಂತು, ಯಾವ ಡಿಆರ್‌ಎಂ ಇದ್ದರೂ ಬರುತ್ತದೆ. ಆ ವಾರ ಬಾಡಿಗೆ ಮೂರನೇ ಒಂದರಷ್ಟು ಕುಸಿಯಿತು. ಹೊಸ ತುಣುಕು ಬಿಟ್ಟ ಮೇಲೆ ಚೇತರಿಸಿಕೊಂಡಿತು. ಮುಂದಿನ ಚಿತ್ರಕ್ಕೆ ಥಿಯೇಟರಿನವರ ಹತ್ತಿರ ನಾಲ್ಕು ವಾರದ ಅಂತರವನ್ನು ಮೂರಕ್ಕೆ ಇಳಿಸಿ ಅಂತ ಕೇಳುತ್ತಿದ್ದೇನೆ. ಇನ್ನೂ ಒಪ್ಪಿಲ್ಲ, ಮಾತುಕತೆ ನಡೆದಿದೆ.