ಸೋರುವ ಮಾಡು, ಕರಾರಿನ ಒಂದು ಸಾಲು

ಕಾರವಾರದ ಕಾಜುಬಾಗದಲ್ಲಿ ನಾನು ಬಾಡಿಗೆಗೆ ಹಿಡಿದದ್ದು ಹಂಚಿನ ಮನೆ. ಜನವರಿಯಲ್ಲಿ ನೋಡಿದಾಗ ತಂಪಾಗಿ, ಚಂದವಾಗಿತ್ತು. ಬಾಡಿಗೆ 7,500, ಅಡ್ವಾನ್ಸ್ 40,000. ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ.

ಆ ಪತ್ರದಲ್ಲಿ ರಿಪೇರಿ ಬಗ್ಗೆ ಒಂದಕ್ಷರವೂ ಇರಲಿಲ್ಲ. ಸಹಿ ಹಾಕುವ ಮೊದಲು ಒಂದು ಸಾಲು ಸೇರಿಸಿ ಅಂದೆ: ಮಾಡು (ಚಾವಣಿ), ಗೋಡೆ, ವೈರಿಂಗ್ ರಿಪೇರಿ ಮಾಲೀಕರದ್ದು, ಬಲ್ಬು, ನಲ್ಲಿ ವಾಷರ್ ನಮ್ಮದು. ‘ನಾವು ಇದ್ದೇವಲ್ಲ, ಅದೆಲ್ಲ ಯಾಕೆ ಬರೆಯೋದು’ ಅಂದರು ಓನರ್. ಮನುಷ್ಯ ಒಳ್ಳೆಯವರೇ. ಆದರೂ ಬರೆಸಿದೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮಲಗುವ ಕೋಣೆಯ ಮೂಲೆಯಲ್ಲಿ ಮೊದಲು ಒಂದು ಪಾತ್ರೆ ಇಟ್ಟೆವು, ಆಮೇಲೆ ಮೂರು. ಬಡಗಿಯನ್ನು ಕರೆಸಿದೆ. ಹಂಚು ಸರಿಸಿ ತೋರಿಸಿದ. ಮಾಡನ್ನು ಹೊರುವ ಓರೆ ಮರ, ಅಂದರೆ ಪಕಾಸನ್ನು, ಗೆದ್ದಲು ತಿಂದು ಹಾಕಿತ್ತು, ಬೆರಳಲ್ಲಿ ಒತ್ತಿದರೆ ಪುಡಿ. ಅದರ ಮೇಲೆ ಹಂಚು ಕೂರಿಸುವ ಅಡ್ಡಪಟ್ಟಿ, ರೀಪು, ಜಗ್ಗಿ ಹಂಚುಗಳ ನಡುವೆ ಸಂದು ಬಿಟ್ಟಿತ್ತು. ಓನರ್‌ಗೆ ಫೋನ್ ಮಾಡಿದರೆ, ‘ಮಳೆ ಬಿಡಲಿ, ನೋಡೋಣ’. ಕಾರವಾರದಲ್ಲಿ ಮಳೆ ಬಿಡುವುದು ಸೆಪ್ಟೆಂಬರ್ ಕಳೆದ ಮೇಲೆ, ಅಲ್ವಾ? ನಮ್ಮ ಮಗು ಅಷ್ಟರಲ್ಲಾಗಲೇ ರಾತ್ರಿಯಿಡೀ ಕೆಮ್ಮುತ್ತಿತ್ತು.

ಪರಿಚಯದ ವಕೀಲರು ದಾರಿ ಹೇಳಿದರು. ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಬರುವುದಿಲ್ಲ. ನಮ್ಮಂಥವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಕಲಂ ಪ್ರಕಾರ, ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ಮಾಡಲೇಬೇಕಾದ’ ಅನ್ನುವುದೇ ಇಲ್ಲಿ ಮುಖ್ಯ. ನಾನು ಬರೆಸಿದ ಸಾಲು ಕೆಲಸಕ್ಕೆ ಬಂದದ್ದು ಅಲ್ಲೇ.

ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಹಾಕಿದೆ. ಜೊತೆಗೆ ಫೋಟೋ, ಬಡಗಿ ಬರೆದುಕೊಟ್ಟ ಅಂದಾಜು, 15 ದಿನದ ಗಡುವು. ಉತ್ತರ ಬರಲಿಲ್ಲ. ಮಳೆ ಸ್ವಲ್ಪ ಹೊಳವಾದ ಎರಡು ದಿನದಲ್ಲಿ ಕೆಲಸ ಮುಗಿಸಿದೆವು. 6,200 ಆಯಿತು. ಅದನ್ನು ಆ ತಿಂಗಳ ಬಾಡಿಗೆಯಲ್ಲಿ ಮುರಿದು, ಉಳಿದ 1,300 ರೂಪಾಯಿಯನ್ನು ಒಂದನೇ ತಾರೀಕಿಗೇ ಅವರ ಖಾತೆಗೆ ಹಾಕಿ, ಬಿಲ್ಲಿನ ಪ್ರತಿ ಕಳಿಸಿದೆ. ದಯವಿಟ್ಟು ಸಿಟ್ಟಲ್ಲಿ ಬಾಡಿಗೆಯನ್ನೇ ನಿಲ್ಲಿಸಬೇಡಿ. ಆಗ ತಪ್ಪು ನಮ್ಮದಾಗುತ್ತದೆ, ಮನೆ ಬಿಡಿಸಲು ಅವರಿಗೆ ಕಾರಣ ಸಿಗುತ್ತದೆ.

ಓನರ್ ಸಿಟ್ಟಾದರು. ‘ನಾಳೆಯೇ ಖಾಲಿ ಮಾಡಿ’ ಅಂದರು. ಹಾಗೆಲ್ಲ ಆಗುವುದಿಲ್ಲ. ಕರಾರಿನಲ್ಲಿ ಏನೂ ಬರೆಯದಿದ್ದರೂ ತಿಂಗಳ ಬಾಡಿಗೆಗೆ 15 ದಿನದ ಲಿಖಿತ ನೋಟಿಸ್ ಬೇಕು. ನಮ್ಮದರಲ್ಲಿ ಎರಡು ತಿಂಗಳು ಅಂತಿತ್ತು. ಆ ಪುಟ ತೆಗೆದು ತೋರಿಸಿದೆ, ಜಗಳ ಮಾಡಲಿಲ್ಲ. ಓದಿ ಸುಮ್ಮನಾದರು. ಮುಂದಿನ ಹನ್ನೊಂದು ತಿಂಗಳಿಗೂ ಕರಾರು ಮಾಡಿಕೊಟ್ಟರು.

ಕೊನೆಗೆ ಮನೆ ಬಿಡುವಾಗ ಬಣ್ಣಕ್ಕೆಂದು 15,000 ಹಿಡಿಯುತ್ತೇನೆ ಅಂದರು. ಕಡಲ ಗಾಳಿಗೆ ಉಬ್ಬಿದ ಗೋಡೆ ಸಹಜ ಸವೆತ, ಅದು ಬಾಡಿಗೆದಾರನ ತಲೆಗೆ ಬರುವುದಿಲ್ಲ. ಒಳಗೆ ಬಂದ ಮೊದಲ ದಿನ ತೆಗೆದ ಫೋಟೋದಲ್ಲೇ ಆ ಉಬ್ಬು ಇತ್ತು. ಆದರೆ ಕಿಟಕಿ ಗಾಜು ಒಡೆದದ್ದು ನಮ್ಮ ಮಗುವೇ. ಅದರ 900 ರೂಪಾಯಿ ನಾನೇ ಒಪ್ಪಿಕೊಂಡೆ. ಅಂದು ಸಂಜೆ 39,100 ಖಾತೆಗೆ ಬಂತು.