ನಾಲ್ಕು ಸಾವಿರ ಜೆಪೆಗ್, ಒಂದು ಹಳೇ ಮೆಶಿನ್

ಕೆಲಸ ಕೇಳೋಕೆ ಸಣ್ಣದು. ಒಬ್ಬ ಫೋಟೋಗ್ರಾಫರ್‌ಗೆ ಫೋಟೋ ಆರಿಸುವ ಪ್ರೋಗ್ರಾಮ್ ಬೇಕಿತ್ತು. ಫೋಲ್ಡರ್ ತೆರೆದ ಕೂಡಲೇ ಥಂಬ್‌ನೇಲ್, ಅಂದರೆ ಫೋಟೋಗಳ ಪುಟ್ಟ ರೂಪ ಕಾಣಬೇಕು, ಅಷ್ಟೇ. ಒಂದೊಂದು ಫೋಲ್ಡರ್‌ನಲ್ಲಿ ಸುಮಾರು ನಾಲ್ಕು ಸಾವಿರ ಜೆಪೆಗ್, ಒಂದೊಂದೂ 6000 ಕ್ಕೆ 4000 ಪಿಕ್ಸೆಲ್. ಅವರ ಮೆಶಿನ್‌ನಲ್ಲಿ 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, 32 ಬಿಟ್ ವಿಂಡೋಸ್. "ಹೊಸ ಮೆಶಿನ್ ತಗೊಳ್ಳೋಕೆ ಹೇಳು ಮಾರಾಯ" ಎಂದು ಗೆಳೆಯರು ನಕ್ಕರು. ಈಗ ಅದೇ ಮೆಶಿನ್‌ನಲ್ಲಿ ಮೊದಲ ಪರದೆ ಒಂದು ಸೆಕೆಂಡಿನೊಳಗೆ ತುಂಬುತ್ತದೆ. ನಕ್ಕವರಲ್ಲಿ ಇಬ್ಬರು ಕೋಡ್ ಕೇಳಿದ್ದಾರೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಎಂಟು ಥ್ರೆಡ್ ಬಿಟ್ಟೆ, ಅಂದರೆ ಒಂದೇ ಸಲಕ್ಕೆ ಎಂಟು ಫೋಟೋ ಮೇಲೆ ಕೆಲಸ. ಒಂದೊಂದನ್ನೂ ಪೂರ್ತಿ ಡಿಕೋಡ್ ಮಾಡಿ (ಕುಗ್ಗಿಸಿದ ಫೈಲನ್ನು ಪಿಕ್ಸೆಲ್‌ಗಳಾಗಿ ಬಿಚ್ಚಿ) ಆಮೇಲೆ ಚಿಕ್ಕದು ಮಾಡಿದೆ. ಫೈಲ್ 8 ಎಂಬಿ ಇರಬಹುದು, ಬಿಚ್ಚಿದ ಮೇಲೆ ಅದು 96 ಎಂಬಿ. ಎಂಟು ಸೇರಿದರೆ 768. 32 ಬಿಟ್ ವಿಂಡೋಸ್‌ನಲ್ಲಿ ಪ್ರೋಗ್ರಾಮ್‌ಗೆ ಸಿಗೋದೇ 2 ಜಿಬಿ, ಅದರಲ್ಲಿ 96 ಎಂಬಿಯ ಒಂದೇ ಅಖಂಡ ತುಂಡು ಸ್ವಲ್ಪ ಹೊತ್ತಾದ ಮೇಲೆ ಎಲ್ಲೂ ಸಿಗಲ್ಲ. ಹತ್ತು ನಿಮಿಷ ಓಡಿ ಸತ್ತುಹೋಯಿತು. ಡಿಸ್ಕ್ ಬೇರೆ ಕಟಕಟ ಅನ್ನುತ್ತಿತ್ತು. ಎಂಟು ಕಡೆಯಿಂದ ಎಳೆದರೆ ಡಿಸ್ಕ್ ಓದುವ ಹೆಡ್ ಓಡಾಡೋದರಲ್ಲೇ ಸುಸ್ತು.

ಆಮೇಲೆ ದುಡ್ಡು ಕಳೆದುಕೊಂಡೆ. ಐದು ಪಟ್ಟು ವೇಗ ಎಂದು ಮಾರುತ್ತಿದ್ದ ಒಂದು ಡಿಕೋಡರ್‌ನ ಲೈಸೆನ್ಸ್ ತಗೊಂಡೆ. ಸಿಕ್ಕಿದ್ದ ಅಡ್ವಾನ್ಸ್‌ನಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಜೆಪೆಗ್ ಬಿಚ್ಚುವ ಹಳೇ ಲೈಬ್ರರಿ ಲಿಬ್‌ಜೆಪೆಗ್‌ಗಿಂತ ವೇಗ ನಿಜ, ಆದರೆ ಅದರದೇ ವೇಗದ ರೂಪ ಲಿಬ್‌ಜೆಪೆಗ್-ಟರ್ಬೊ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹುಡುಕಬೇಕು. ಟರ್ಬೊ ಪುಕ್ಕಟೆ! ವಾಪಸ್ ಕೇಳಿದರೆ "ಕೀ ಬಳಸಿಯಾಗಿದೆ" ಅಂದರು.

ದಾರಿ ಸಿಕ್ಕಿದ್ದು ಎರಡು ಕಡೆಯಿಂದ. ಒಂದು, ಎಲ್ಲರಿಗೂ ಗೊತ್ತಿರುವ, ಯಾರೂ ಬಳಸದ ಸ್ಕೇಲ್ 1/8, ಅಂದರೆ ಬಿಚ್ಚುವಾಗಲೇ ಉದ್ದ ಅಗಲ ಎರಡನ್ನೂ ಎಂಟನೇ ಒಂದಕ್ಕೆ ಇಳಿಸೋದು. ಜೆಪೆಗ್‌ನ 8 ಕ್ಕೆ 8 ಪಿಕ್ಸೆಲ್‌ನ ತುಂಡಿಗೆ ಒಂದೇ ಪಿಕ್ಸೆಲ್ ಬರುತ್ತದೆ. 750 ಕ್ಕೆ 500, ಒಂದೂವರೆ ಎಂಬಿಯಲ್ಲಿ ಕೆಲಸ ಮುಗೀತು. ಫೋಟೋಗೆ 250 ಮಿಲಿಸೆಕೆಂಡ್ ಹಿಡಿಯುತ್ತಿದ್ದದ್ದು 80 ರ ಆಸುಪಾಸಿಗೆ ಇಳಿಯಿತು. ಇನ್ನೂ ಜಾಸ್ತಿ ಇಳಿಯಲ್ಲ, ಯಾಕೆಂದರೆ ಹಫ್‌ಮನ್ ಬಿಟ್‌ಗಳನ್ನು (ಫೈಲ್‌ನ ಕುಗ್ಗಿಸಿದ ಡೇಟಾ) ಮೊದಲಿಂದ ಕೊನೆವರೆಗೆ ಓದಲೇಬೇಕು. ಪ್ರೋಗ್ರೆಸಿವ್ ಫೈಲ್ (ಮಸುಕಿನಿಂದ ಹಂತಹಂತವಾಗಿ ಸ್ಪಷ್ಟವಾಗುವ ಬಗೆಯ ಜೆಪೆಗ್) ಬಂದರೆ ಮೆಮೊರಿ ಮತ್ತೆ ಏರುತ್ತದೆ. ಅವನ್ನು ಸಾಲಿನ ಕೊನೆಗೆ ತಳ್ಳುತ್ತೇನೆ.

ಎರಡನೆಯದು, ಡಿಸ್ಕ್ ಓದೋಕೆ ಒಂದೇ ಒಂದು ಥ್ರೆಡ್. ಇದನ್ನು ಯಾರೂ ನಂಬಲಿಲ್ಲ. ಅದು ಮೊದಲ ಸುತ್ತಿನಲ್ಲಿ ಪ್ರತಿ ಫೈಲ್‌ನ ತಲೆಯ 64 ಕೆಬಿ ಮಾತ್ರ ಓದುತ್ತದೆ. ಎಕ್ಸಿಫ್ ಥಂಬ್‌ನೇಲ್, ಅಂದರೆ ಕ್ಯಾಮೆರಾ ತಾನೇ ಫೈಲ್‌ನೊಳಗೆ ಇಟ್ಟ ಪುಟ್ಟ ಚಿತ್ರ, ಅಲ್ಲೇ ಇರುತ್ತದೆ, ಅದನ್ನು ಮೊದಲು ತೋರಿಸುತ್ತೇನೆ. ಪೂರ್ತಿ ಫೈಲ್ ಓದಿ ಸ್ಕೇಲ್ 1/8 ರಲ್ಲಿ ಬಿಚ್ಚೋದು ಎರಡನೇ ಸುತ್ತಿನಲ್ಲಿ. ಆ ಸುತ್ತು ಏಳೆಂಟು ನಿಮಿಷ ಹಿಡಿಯುತ್ತದೆ, ಆದರೆ ಹಿನ್ನೆಲೆಯಲ್ಲಿ ನಡೆಯೋದರಿಂದ ಯಾರಿಗೂ ಗೊತ್ತಾಗಲ್ಲ.

ಎಕ್ಸಿಫ್ ಥಂಬ್‌ನೇಲ್ ನಂಬೋ ಹಾಗಿಲ್ಲ, ಅದು ಬೇರೆ ಕಥೆ. ಸಾಮಾನ್ಯವಾಗಿ 160 ಕ್ಕೆ 120, ಫೋಟೋ ಮಾತ್ರ 3:2. ಅದಕ್ಕೇ ಮೇಲೆ ಕೆಳಗೆ ಕಪ್ಪು ಪಟ್ಟಿ. ಎರಡೂ ಕಡೆ ಆರೇಳು ಸಾಲು ಕತ್ತರಿಸಿ. ಕೆಲವು ಎಡಿಟರ್‌ಗಳು ಫೋಟೋ ಬದಲಿಸಿ ಥಂಬ್‌ನೇಲ್ ಹಳೇದೇ ಬಿಡುತ್ತವೆ. ಅದನ್ನು ಹೇಗೆ ಹಿಡಿಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಮುಂದಿನ ವರ್ಷನ್ ಮಾರಬೇಕಲ್ವಾ.

ಮರ್ಯಾದೆ ಹೋದದ್ದು ಡೆಮೊ ದಿನ. ಕಾಪಿ ಆಗುವಾಗ ಕೆಟ್ಟು ಒಳಗೆಲ್ಲ ಬರೀ ಸೊನ್ನೆ ತುಂಬಿದ್ದ ಒಂದು ಫೈಲ್ ಬಂತು. ಪ್ರೋಗ್ರಾಮ್ ಸದ್ದಿಲ್ಲದೆ ಮಾಯ. ಕ್ರ್ಯಾಶ್ ಡಂಪ್ ಇಲ್ಲ, ಸಂದೇಶವೂ ಇಲ್ಲ. ಎರಡು ರಾತ್ರಿ ನನ್ನ ಥ್ರೆಡ್ ಕೋಡನ್ನೇ ಬೈದುಕೊಂಡೆ. ಕೊನೆಗೆ ನೋಡಿದರೆ ಎರರ್ ಬಂದಾಗ ಲಿಬ್‌ಜೆಪೆಗ್ ತಾನಾಗಿ ಎಕ್ಸಿಟ್ ಕರೆದು ಇಡೀ ಪ್ರೋಗ್ರಾಮನ್ನೇ ಮುಚ್ಚುತ್ತದೆ! ಎರರ್ ಹ್ಯಾಂಡ್ಲರ್ ಬದಲಿಸಿ ಲಾಂಗ್‌ಜಂಪ್ (ಎರರ್ ಆದಲ್ಲಿಂದ ನೇರ ಹಿಂದಿನ ಜಾಗಕ್ಕೆ ಹಾರುವ ಸಿ ಫಂಕ್ಷನ್) ಹಾಕಿದೆ. ಹಾಕಿದ ಮೇಲೆ ಮೆಮೊರಿ ಸೋರತೊಡಗಿತು, ಮೆಮೊರಿ ವಾಪಸ್ ಕೊಡುವ ಸಿ++ ಡಿಸ್ಟ್ರಕ್ಟರ್‌ಗಳ ತಲೆ ಮೇಲಿಂದ ಹಾರಿದರೆ ಇನ್ನೇನಾಗುತ್ತದೆ. ಈಗ ಡಿಕೋಡ್ ಭಾಗ ಪೂರ್ತಿ ಸಾದಾ ಸಿ.

ಮಧ್ಯೆ ಸುಮ್ನೆ ಒಂದು ಆಟ ಆಡಿದೆ. ಥಂಬ್‌ನೇಲ್‌ಗಳನ್ನು ಬಿಸಿ1 ಟೆಕ್ಸ್ಚರ್ (ಗ್ರಾಫಿಕ್ಸ್ ಕಾರ್ಡ್ ನೇರ ಓದುವ ಕುಗ್ಗಿಸಿದ ಚಿತ್ರ) ಮಾಡಿ ಗ್ರಾಫಿಕ್ಸ್ ಕಾರ್ಡ್‌ಗೆ ಕೊಟ್ಟೆ. 256 ಕ್ಕೆ 256 ರ ಚಿತ್ರ 256 ಕೆಬಿಯಿಂದ 32 ಕೆಬಿಗೆ ಇಳಿಯಿತು. ಸ್ಕ್ರೋಲ್ ಬೆಣ್ಣೆ ಹಾಗೆ. ಆದರೆ ಆಕಾಶದಲ್ಲಿ ಬಣ್ಣ ಪಟ್ಟೆಪಟ್ಟೆಯಾಗಿ ಕಂಡಿತು, ಫೋಟೋಗ್ರಾಫರ್ ಕಣ್ಣು ಬಿಡುತ್ತದೆಯೇ? ತೆಗೆದುಹಾಕಿದೆ. ನನಗೆ ಇನ್ನೂ ಆಸೆ ಇದೆ.

ಬಾಕಿ ದುಡ್ಡು ಬಂತು, ಲೈಸೆನ್ಸ್‌ಗೆ ಕಳೆದದ್ದು ಹೋಯಿತು. ಮೊನ್ನೆ ಅವರೇ ಐಫೋನ್‌ನ ಹೈಕ್ (HEIC, ಜೆಪೆಗ್ ಅಲ್ಲದ ಬೇರೆ ಬಗೆಯ ಫೈಲ್) ಫೋಟೋಗಳ ಫೋಲ್ಡರ್ ಕಳಿಸಿದ್ದಾರೆ. ಅದರಲ್ಲಿ ಸ್ಕೇಲ್ 1/8 ಅನ್ನೋದೇ ಇಲ್ಲ. ಒಳಗೆ 512 ಕ್ಕೆ 512 ರ ತುಂಡುಗಳಿವೆ, ಅವನ್ನೇ ಎಣಿಸುತ್ತಾ ಕೂತಿದ್ದೇನೆ.